ಪಾಡ್ಯದ ಸೀರೆ

ಪೂರ್ಣಿಮಾ ಟ್ರಂಕನ್ನು ಬೋರಲು ಹಾಕಿದಳು. ಎರಡು ಸವೆದ ಸೀರೆ, ಒಂದು ಕೌದಿ, ನುಸಿಗುಳಿಗೆಯ ಪುಡಿ. ಆಮೇಲೆ ಹನ್ನೊಂದು ರಟ್ಟಿನ ಡಬ್ಬಿಗಳು ಒಂದರ ಹಿಂದೊಂದು ಜಾರಿ ಬಿದ್ದವು. ಸೀರೆ ಡಬ್ಬಿಗಳು. ಒಂದನ್ನು ತೆರೆದಳು, ಇನ್ನೊಂದನ್ನು ತೆರೆದಳು, ಕಡೆಗೆ ಎಲ್ಲವನ್ನೂ ಹರಿದು ಹಾಕಿದಳು. ಒಂದರಲ್ಲೂ ಏನೂ ಇರಲಿಲ್ಲ.

"ಪ್ರಭ್ಯಾ, ಅವ್ವನ ಸೀರಿ ಎಲ್ಲದಾವಲೇ?"

ತಮ್ಮ ಪ್ರಭುಲಿಂಗ ಬಾಗಿಲಲ್ಲಿ ನಿಂತಿದ್ದ. ಅಕ್ಕನ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೆಳಿಗ್ಗೆ ಆರಕ್ಕೆ ಅವ್ವ ನಳದ ಮುಂದೆ ಕೊಡ ಇಟ್ಟು, "ನೀರ ಸಣ್ಣಾಗಿ ಬರಾಕತ್ತಾವು" ಅಂದಿದ್ದಳು. ಕೊಡ ತುಂಬಿ ಹರಿಯತೊಡಗಿದರೂ ಎತ್ತಲಿಲ್ಲ. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಹನ್ನೊಂದು ಗಂಟೆ. ಬನಹಟ್ಟಿಯ ಆ ಸಣ್ಣ ಅಂಗಳದಲ್ಲಿ ಅವ್ವ ಶೇವಂತಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅವಳ ಮೈ ತೊಳೆದ ಹೆಂಗಸರು ಹೊರಗಿನಿಂದ ಕೂಗುತ್ತಿದ್ದರು.

"ಲಗೂ ಕೊಡ್ರವಾ! ಮುತ್ತೈದಿ, ಹಸರ ಸೀರಿ ಉಡಿಸಿ ಕಳಸಬೇಕು. ಮೊನ್ನೆ ಪಾಡ್ಯಾಕ ಉಟ್ಟಿದ್ಲಲ್ಲ, ಅದನ್ನ ಕೊಡ್ರಿ."

ಹೌದು, ಉಟ್ಟಿದ್ದಳು. ಐದು ದಿನದ ಹಿಂದೆ ಇಡೀ ಓಣಿ ನೋಡಿತ್ತು. ಹೋದ ವರ್ಷ ನೇರಳೆ, ಅದಕ್ಕೂ ಮೊದಲು ನವಿಲುಗೊರಳಿನ ಬಣ್ಣ. ದೀಪಾವಳಿ ಪಾಡ್ಯಕ್ಕೆ ಹೊಸ ಸೀರೆ ಇಲ್ಲದೆ ಶೇವಂತಿ ಹೊಸ್ತಿಲು ದಾಟಿದ್ದು ಯಾರಿಗೂ ನೆನಪಿಲ್ಲ.

"ಮಾರ್ಕೊಂಡಿ ಏನಲೇ?" ಪೂರ್ಣಿಮಾ ಹಲ್ಲು ಕಚ್ಚಿ ಕೇಳಿದಳು.

"ನಾ ಯಾಕ ಮಾರ್ಲಿ? ನೀನ ಒಂದೊಂದ ಮುಧೋಳಕ್ಕ, ಗಂಡನ ಮನಿಗೆ ಸಾಗಿಸಿರಬೇಕು!"

"ನಾಲಿಗಿ ಹಿಡದ ಮಾತಾಡು. ಅವ್ವ ಹೊರಗ ಕುಂತಾಳ."

ಗದ್ದಲ ಕೇಳಿ ಅಪ್ಪ ನೀಲಕಂಠ ಒಳಗೆ ಬಂದು ಡಬ್ಬಿಗಳನ್ನು ನೋಡಿದ. ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ತಳ ತಟ್ಟಿದ. "ವರ್ಷಾ ರೊಕ್ಕ ಕೊಟ್ಟೇನಿ," ಅಂದ. "ನಾ ಕಣ್ಣಾರೆ ನೋಡೇನಿ, ಉಟ್ಟಿದ್ಲು."

*

ಆ ಮನೆಯ ವಿದ್ಯುತ್ ಮಗ್ಗ ಎರಡು. ನೂಲು ಕೊಡುವವನು ಸಾವಕಾರ ಅಂದಾನೆಪ್ಪ, ನೇಯ್ದ ಸೀರೆ ಒಯ್ಯುವವನೂ ಅವನೇ. ವರ್ಷವಿಡೀ ಸಿಗುವುದು ಕೂಲಿ. ದೀಪಾವಳಿಗೆ ಮಾತ್ರ ಒಂದು ಬೋನಸ್ಸು. ಅದು ಬಂದ ಸಂಜೆ ಶೇವಂತಿ ಎಲ್ಲರನ್ನೂ ಸುತ್ತ ಕೂರಿಸಿಕೊಳ್ಳುತ್ತಿದ್ದಳು.

"ಮೊದಲ ನನ್ನ ಸೀರಿ ರೊಕ್ಕ ತಗೀರಿ. ಆಮ್ಯಾಲ ನಿಮ್ಮ ಎಣ್ಣಿ, ಬೆಲ್ಲ, ಪಟಾಕಿ, ಏನರ ಬರಸ್ರಿ."

"ಎಲ್ಲಾರೂ ಮಕ್ಕಳದು ಮೊದಲ ತಗೀತಾರ ಬೇ," ಎಂದು ಪ್ರಭುಲಿಂಗ ರೇಗಿಸುತ್ತಿದ್ದ.

"ತಗೀಲಿ. ನಾ ಅಂಥಾಕಿ ಅಲ್ಲ."

ಆ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಅವಳ ಮುಖ ನಿರಾಳ. ಹಬ್ಬದ ನಡುವೆ ಎಲ್ಲರ ಮನೆಯಲ್ಲೂ ಕೈ ಬರಿದಾಗುತ್ತದೆ. ಇವರ ಮನೆಯಲ್ಲೂ ಆಗುತ್ತಿತ್ತು. ಆದರೆ ಹೇಗೋ ಬಗೆಹರಿಯುತ್ತಿತ್ತು. ಪೂರ್ಣಿಮಾಳ ಮೊದಲ ದೀಪಾವಳಿಗೆ ಅಳಿಯ ಉಂಗುರಕ್ಕೆ ಮುಖ ಊದಿಸಿದಾಗ ಉಂಗುರ ಬಂತು. ಹೋದ ವರ್ಷ ಪ್ರಭುಲಿಂಗ ಆಫರ್ ಮುಗಿಯುತ್ತದೆಂದು ಊಟ ಬಿಟ್ಟು ಮಲಗಿದಾಗ ಮೊಬೈಲು ಬಂತು. ಎಲ್ಲಿಂದ ಎಂದು ಕೇಳಿದರೆ, "ಸಂತ್ಯಾಗ ಚೌಕಾಶಿ ಮಾಡಿ ಉಳಿಸೇನಿ" ಅಂದಳು. ಸಂತೆಯ ಬದನೆಕಾಯಿಯಲ್ಲಿ ಮೊಬೈಲು ಉಳಿಯುತ್ತದೆಯೇ? ಯಾರೂ ಕೇಳಲಿಲ್ಲ. ಬಂತಲ್ಲ, ಸಾಕಾಗಿತ್ತು.

ಈ ಪಾಡ್ಯದ ದಿನ ಪಂಕ್ತಿಯಲ್ಲಿ ಹತ್ತು ಜನ ಬೀಗರು ಕೂತಿದ್ದರು. ಅವ್ವ ಹಸಿರು ಸೀರೆಯಲ್ಲಿ ಗೋಡೆ ಪಕ್ಕ ನಿಂತಿದ್ದಳು. ಬಡಿಸುವುದಕ್ಕೂ ಬರಲಿಲ್ಲ. ಪ್ರಭುಲಿಂಗ ಹೋಳಿಗೆ ಮುರಿಯುತ್ತ ಎಲ್ಲರಿಗೂ ಕೇಳುವಂತೆ ಅಂದ: "ನಮ್ಮ ಮನ್ಯಾಗ ಲಕ್ಷ್ಮಿ ಪೂಜಾದ ದಿನಾ ಅಷ್ಟ ಇರ್ತಾಳ್ರಿ. ಮರುದಿನಾ ನಮ್ಮವ್ವ ಆಕೀನ ಸೀರಿ ಮಾಡಿ ಉಟಗೊಂಬಿಡ್ತಾಳ."

ಪಂಕ್ತಿ ಗೊಳ್ಳೆಂದು ನಕ್ಕಿತು. ಅವ್ವನೂ ನಕ್ಕಳು.

*

"ಇಲ್ಲದ ಸೀರಿಗೆ ಯಾಕ ಬಡದಾಡ್ತೀರಿ?"

ಯಲ್ಲಕ್ಕನ ದನಿ. ಚಿಮ್ಮಡದ ಕುರುಬರ ಹೆಣ್ಣುಮಗಳು. ಹದಿನೈದು ವರ್ಷದಿಂದ ಅವ್ವನ ಜೊತೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವಳು. ಒಳಗೆ ಬಂದು ಬಾಗಿಲು ಮುಂದೂಡಿದಳು. ಹೊರಗೆ ಕಟ್ಟೆಯ ಮೇಲೆ ಅಂದಾನೆಪ್ಪ ಹಾರ ಹಿಡಿದು ಕೂತಿದ್ದ.

"ಇದು ಸಾವಕಾರನ ಕಿವಿಗೆ ಬೀಳಬಾರದು. ಬೀರಪ್ಪ ದೇವರ ಆಣಿ ಐತಿ ನಿಮಗ. ನಿಮ್ಮವ್ವ ಒಂದ ಸೀರಿನೂ ಕೊಂಡಿಲ್ಲ. ಮಗ್ಗದಿಂದ ಇಳಿಸಿದ್ದನ್ನ ಪಾಡ್ಯಾದ ದಿನಾ ಉಡತಿದ್ಲು. ಸಂಜಿಮುಂದ ಬಿಚ್ಚಿ, ಇಸ್ತ್ರಿ ಮಾಡಿ, ಮಡಚಿ, ಮರುದಿನಾ ಸಾವಕಾರನ ಗಂಟಿನ್ಯಾಗ ಇಡತಿದ್ಲು. ಒಂದ ಕಲಿ ಬಿದ್ದರ ಮುಗೀತಂತ ಒಲಿ ಕಡೆ ಹೋಗತಿದ್ದಿಲ್ಲ, ಎಲಿ ಕಡೆ ಹೋಗತಿದ್ದಿಲ್ಲ."

ಪೂರ್ಣಿಮಾ ಹರಿದ ಡಬ್ಬಿಯೊಂದನ್ನು ಎತ್ತಿಕೊಂಡಳು. "ಮತ್ತ ಆ ರೊಕ್ಕ?"

"ನಿನ್ನ ಗಂಡನ ಬೆರಳಾಗ ಐತಿ. ಇಂವನ ಕಿಸೆದಾಗ ಐತಿ."

ಪ್ರಭುಲಿಂಗ ಕಿಸೆಗೆ ಕೈ ಹಾಕಿ, ಸುಟ್ಟವನಂತೆ ತೆಗೆದ.

"ಸೀರಿ ಅಂತ ಮೊದಲ ತಗದಿಟ್ಟರ ಅದಕ್ಕ ಯಾರೂ ಕೈ ಹಾಕಂಗಿಲ್ಲ ಯಲ್ಲಕ್ಕಾ, ಅಂತಿದ್ಲು," ಅಂದಳು ಯಲ್ಲಕ್ಕ. "ಬೈತಾರ, ಬೈಲಿ, ಅಂತಿದ್ಲು."

ನೀಲಕಂಠ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ. ಕಟ್ಟೆಯಿಂದ ಅಂದಾನೆಪ್ಪ ಕೂಗಿದ: "ನೀಲಕಂಠಾ, ಸೀರಿ ಸಿಗವಲ್ದೇನು? ನಮ್ಮ ಅಂಗಡಿಯಿಂದ ಛಲೋದೊಂದ ತರಸ್ತೇನಿ ತಡಿ."

"ಅಂಗಡೀದು ಬ್ಯಾಡ್ರಿ!" ಪ್ರಭುಲಿಂಗ ಚೀರಿದ.

"ಯಾಕೋ ತಮ್ಮಾ?"

ಯಾಕೆಂದು ಹೇಳಿದರೆ ಹೆಣ ಎತ್ತುವ ಮೊದಲೇ ಅವ್ವ ಕಳ್ಳಿಯಾಗುತ್ತಾಳೆ. ನಾಳೆಯಿಂದ ಈ ಮನೆಗೆ ನೂಲು ಬರುವುದಿಲ್ಲ. ಹೇಳದೆ ಇದ್ದರೆ ಅಂಗಡಿಯಿಂದ ಸೀರೆ ಬರುತ್ತದೆ. ಅದು ಅವ್ವ ಒಂದು ದಿನ ಉಟ್ಟು, ಉಸಿರು ಬಿಗಿಹಿಡಿದು, ಬಿಚ್ಚಿಕೊಟ್ಟ ಸೀರೆಯೇ ಆಗಿರಲಿಕ್ಕಿಲ್ಲ ಎಂದು ಯಾರು ಹೇಳಬೇಕು? ಪ್ರಭುಲಿಂಗನಿಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಹೊಡೆಯುವುದಕ್ಕೆ ತನ್ನನ್ನು ಬಿಟ್ಟು ಯಾರೂ ಕಾಣಲಿಲ್ಲ.

ಅವನು ಮಗ್ಗದ ಕೋಣೆಗೆ ಹೋದ. ಹಸಿರು ಮೈಯ ಸೀರೆ ಮಗ್ಗದ ಮೇಲಿತ್ತು. ಕೆಂಪು ಸೆರಗು ಮುಗಿಯಲು ಒಂದು ಮೊಳ ಬಾಕಿ. ಗುಂಡಿ ಒತ್ತಿದ.

ಖಟಾ ಖಟ್, ಖಟಾ ಖಟ್.

ಅಂಗಳದ ಅಳು ಒಮ್ಮೆಗೇ ನಿಂತಿತು. ಸತ್ತವರ ಮನೆಯಲ್ಲಿ ಮಗ್ಗ ಓಡಿದ್ದನ್ನು ಆ ಓಣಿ ಯಾವತ್ತೂ ಕೇಳಿರಲಿಲ್ಲ. ಜನ ಬಾಗಿಲಿಗೆ ಮುಗಿಬಿದ್ದರು.

"ಬಂದ್ ಮಾಡಲೇ! ಹೆಣಾ ಇಟಗೊಂಡ ನೇಯ್ತಾರೇನಲೇ? ಹುಚ್ಚ ಹಿಡದೈತೇನು?" ದೊಡ್ಡಪ್ಪ ಈರಪ್ಪ ಅವನ ಅಂಗಿ ಹಿಡಿದು ಜಗ್ಗಿದ. ನೀಲಕಂಠ ಬಂದು ಅಣ್ಣನ ಕೈ ಬಿಡಿಸಿದ. ಮಗನ ಬೆನ್ನ ಹಿಂದೆ ನಿಂತುಕೊಂಡ.

ಅಂದಾನೆಪ್ಪ ಜನರನ್ನು ಸರಿಸಿ ಒಳಗೆ ಬಂದ. "ತಮ್ಮಾ, ಅದು ಆರ್ಡರ್ ಮಾಲ ಅಲ್ಲೇನು?"

"ಹೂಂರಿ ಸಾವಕಾರ್ರ." ಪ್ರಭುಲಿಂಗ ಲಾಳಿಯಿಂದ ಕಣ್ಣು ಕೀಳಲಿಲ್ಲ. "ಆರ್ಡರ್ ಕೊಟ್ಟಾಕಿ ಹೊರಗ ಕುಂತಾಳ."

ಅಂದಾನೆಪ್ಪ ಹಿಂತಿರುಗಿ ಗೋಡೆಗಾನಿಸಿದವಳನ್ನು ನೋಡಿದ. ತಲೆಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಮೊಳ ಮುಗಿಯಿತು. ಪ್ರಭುಲಿಂಗ ಮಗ್ಗ ನಿಲ್ಲಿಸಿ ಸೀರೆಯನ್ನು ಅಡ್ಡಕ್ಕೆ ಕತ್ತರಿಸಿ ಅಕ್ಕನ ತೋಳಿಗೆ ಹಾಕಿದ. ಹೊಸ ಗಂಜಿಯ ಸೀರೆ. ಹೆಂಗಸರು ಎಷ್ಟು ಒತ್ತಿದರೂ ನಿರಿಗೆ ಕೂರಲೊಲ್ಲದು, ಸೆಟೆದು ನಿಂತಿತು.

ಅವ್ವನನ್ನು ಕೂರಿಸಿದ ವಿಮಾನ ಎತ್ತಿದರು. ಪ್ರಭುಲಿಂಗ ಮುಂದೆ ಹೆಗಲು ಕೊಟ್ಟ. ಓಣಿಗೆ ಬಂದಾಗ ಹಿಂದಿನಿಂದ ಯಾರೋ, "ಏ, ದಾರ ಹತ್ತಿ ಬರಾಕತ್ತೈತಿ, ಕಡೀರಿ" ಅಂದರು.

ಅವನು ಕತ್ತು ಹೊರಳಿಸಿದ. ಅವಸರದಲ್ಲಿ ಹಾಸಿನ ಉದ್ದ ಎಳೆಗಳನ್ನಷ್ಟೇ ಕತ್ತರಿಸಿದ್ದ, ಲಾಳಿಯ ಅಡ್ಡ ಎಳೆಯನ್ನು ಹಾಗೇ ಬಿಟ್ಟಿದ್ದ. ಅವ್ವನ ಸೆರಗಿನ ಅಂಚಿನಿಂದ ಹೊರಟ ಕೆಂಪು ನೂಲು ಅಂಗಳ ದಾಟಿ, ಹೊಸ್ತಿಲು ದಾಟಿ, ಕತ್ತಲ ಕೋಣೆಯ ಮಗ್ಗದವರೆಗೆ ಚಾಚಿತ್ತು. ಯಲ್ಲಕ್ಕ ಕತ್ತರಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಕೈ ಎತ್ತಲಿಲ್ಲ. ನೂಲು ಹರಿಯಲೂ ಇಲ್ಲ. ಅವ್ವ ನಿನ್ನೆ ಸುತ್ತಿಟ್ಟ ಕಂಡಿಕೆಯಿಂದ ಹೆಜ್ಜೆಗಿಷ್ಟು ಹೆಜ್ಜೆಗಿಷ್ಟು ಬಿಚ್ಚಿಕೊಳ್ಳುತ್ತ, ಓಣಿಯ ತಿರುವಿನವರೆಗೂ ಬಂತು. ಜನ ಒಬ್ಬೊಬ್ಬರಾಗಿ ಕಾಲೆತ್ತಿ ಅದನ್ನು ದಾಟುತ್ತಿದ್ದರು.