ಹದಿನೈದು ಚೌಕದ ತೋಟ

ನೀರಾವರಿ ಕಚೇರಿಯ ಬುದೂರ್ ನಕ್ಷೆಯನ್ನು ಚಾಪೆಯ ಮೇಲೆ ಬಿಡಿಸಿದಾಗ ಹಾಜಿ ಚಾಸಿಬ್ ಮೊದಲು ಹುಡುಕಿದ್ದು ತನ್ನ ತೋಟವನ್ನಲ್ಲ, ನದಿಯನ್ನು. ಅದು ಸಿಕ್ಕ ಮೇಲೆ ಕಾಲುವೆಯ ಜಾಡು ಹಿಡಿದು ಬೆರಳನ್ನು ಒಂದು ಹಸಿರು ತುಂಡಿನ ಮೇಲೆ ನಿಲ್ಲಿಸಿದ.

"ಇದು ನಮ್ಮದಾ?"

"ನಿಮ್ಮದೇ, ಹಾಜಿ."

"ಭಾರೀ ಹಸಿರಾಗಿದೆಯಲ್ಲ. ಯಾರ ಕಣ್ಣೂ ಬೀಳದಿರಲಿ."

ಅಬುಲ್ ಖಸೀಬ್‌ನ ಖರ್ಜೂರದ ತೋಟಗಳಿಗೆ ಸಿಹಿನೀರಿನ ಕೊಳವೆ ಬರುವುದಿತ್ತು. ಕಾಲುಭಾಗಕ್ಕಿಂತ ಹೆಚ್ಚು ಹಸಿರು ಕಳೆದುಕೊಂಡ ತೋಟಕ್ಕೆ ಮಾತ್ರ. ಲೆಕ್ಕದ ಸೂತ್ರ ಬುದೂರಳದೇ. ಉಪಗ್ರಹದ ಚಿತ್ರವನ್ನು ಮೂವತ್ತು ಮೀಟರಿನ ಚೌಕಗಳಾಗಿ ಸೀಳಿ, ಮೂವತ್ತು ವರ್ಷದ ಹಿಂದಿನ ಹಸಿರು ಚೌಕಗಳಿಂದ ಇಂದಿನವನ್ನು ಕಳೆದು, ಅಂದಿನದರಿಂದ ಭಾಗಿಸುವುದು. ಯಾವ ಶೇಖನ ಶಿಫಾರಸಿನ ಫೋನಿಗೂ ಅದು ಬಗ್ಗುವುದಿಲ್ಲವೆಂದು ಅವಳಿಗೆ ಹೆಮ್ಮೆಯಿತ್ತು. ಹಾಜಿಯ ತೋಟದಲ್ಲಿ ಅಂದು ಹದಿನೈದು ಚೌಕ, ಈಗ ಹದಿಮೂರು. ನಷ್ಟ ಶೇಕಡಾ ಹದಿಮೂರು ಚಿಲ್ಲರೆ. ಕೊಳವೆ ಇಲ್ಲ.

ಹಾಜಿ ಚಹಾ ಮುಗಿಸಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋದ. ಸಮುದ್ರದ ಉಪ್ಪು ನದಿಯಲ್ಲಿ ಮೇಲೇರಿ ಬಂದ ವರ್ಷದಿಂದ ಮರಗಳ ತಲೆಗಳು ಒಂದೊಂದಾಗಿ ಕಳಚಿ, ಬರೀ ಕಾಂಡಗಳು ಕಂಬದಂತೆ ನಿಂತಿದ್ದವು. ನಡುವೆ ಆಳೆತ್ತರದ ಜೊಂಡು. ಮೇಲಿನಿಂದ ಕಂಡ ಹಸಿರು ಅದೇ. ಬುದೂರ್ ಎಣಿಸಿದಳು: ಸತ್ತವು ನೂರ ಎಂಬತ್ತೊಂದು, ಬದುಕಿದವು ಮೂವತ್ತೊಂದು.

"ಹಿಂದೆಲ್ಲ ಹೆಣ್ಣುಮರಕ್ಕೆ ಗಂಡುಹೂ ಕಟ್ಟೋಕೆ ಹತ್ತೊಂಬತ್ತು ದಿನ ಹತ್ತಿ ಇಳೀತಿದ್ದೆ. ಈ ವಸಂತದಲ್ಲಿ ಮೂರನೇ ದಿನ ಮಧ್ಯಾಹ್ನಕ್ಕೇ ಹತ್ತೋ ಹಗ್ಗ ಗೂಟಕ್ಕೆ ಹಾಕಿದೆ. ನಿನ್ನ ಲೆಕ್ಕದಲ್ಲಿ ಅದು ಎಷ್ಟು ಚೌಕ ಮಗಳೇ?"

ಅದಕ್ಕೆ ಅವಳ ನಮೂನೆಯಲ್ಲಿ ಕಾಲಮ್ ಇರಲಿಲ್ಲ.

ಜೊಂಡು ಕೊಯ್ದರೆ ಆಕಾಶಕ್ಕೆ ಏನು ಕಾಣುತ್ತದೆ ಎಂದು ಅವನು ಕೇಳಿದ. ಹೇಳಬಾರದಿತ್ತು, ಹೇಳಿದಳು. ಬರಿ ನೆಲ ಕಾಣುತ್ತದೆ, ತೀರ್ಮಾನಕ್ಕೆ ಹಿಡಿಯುವ ಕೊನೆಯ ಚಿತ್ರ ಸೆಪ್ಟೆಂಬರ್ ನಡುಭಾಗದಲ್ಲಿ. ಬೇಲಿಯ ಬಳಿ ಅದೇ ಜೊಂಡನ್ನು ಮೇಯುತ್ತಿದ್ದ ಎರಡು ಎಮ್ಮೆಗಳ ಕಡೆ ಹಾಜಿ ನೋಡಲಿಲ್ಲ. ನೋಡಿದವಳು ಅವನ ಹೆಂಡತಿ ನಜೀಹಾ.

"ಮರಗಳು ಉಪ್ಪು ತಿಂದವು," ಅಂದಳು ಅವಳು, "ಇನ್ನು ಎಮ್ಮೆಗಳು ಲೆಕ್ಕ ತಿನ್ನಲಿ."

ಸೆಪ್ಟೆಂಬರಿನ ಚಿತ್ರವನ್ನು ಬುದೂರ್ ಕಚೇರಿಯಲ್ಲಿ ತೆರೆದಳು. ಜೊಂಡು ಹೋಗಿತ್ತು; ಹದಿನೈದು ಚೌಕಗಳೂ ಬೂದುಬಣ್ಣ. ಒಂದು ಚೌಕಕ್ಕೆ ಎರಡೇ ಮರವಿದ್ದರೆ ಸೂತ್ರ ಅದನ್ನು ಹಸಿರೆನ್ನುವುದಿಲ್ಲ. ನಷ್ಟ: ಶೇಕಡಾ ನೂರು. ಹಾಜಿಯ ಹೆಸರು ಪಟ್ಟಿಯ ತಲೆಗೆ ಏರಿತ್ತು. ಪಕ್ಕದ ಕಾಲಮ್ ತಾನಾಗಿಯೇ ತುಂಬಿಕೊಂಡಿತ್ತು: ಉಳಿದ ತೋಟ, ಸೊನ್ನೆ.

ಅವಳು ಫೋನ್ ಮಾಡಿದಳು. ಬಹಳ ಹೊತ್ತು ರಿಂಗಾಯಿತು.

"ಕೊಳವೆ ಸಿಕ್ಕಿತು ಹಾಜಿ. ಎಲ್ಲಿದ್ದೀರಿ?"

"ಮರದ ಮೇಲೆ, ಮಗಳೇ. ಗೊನೆ ಇಳಿಸ್ತಿದ್ದೀನಿ." ಅವನಿಗೆ ಏದುಸಿರು. "ಯಾಕೆ, ನಿನ್ನ ಚಿತ್ರದಲ್ಲಿ ಕಾಣ್ತಿಲ್ವಾ?"

ಬುದೂರ್ ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಫೋನಿನಲ್ಲಿ ಕುಡುಗೋಲಿನ ಸದ್ದು, ಹಗ್ಗ ಜಾರುವ ಸದ್ದು. ಜೊಂಡು ಮೇಯುತ್ತಿದ್ದ ಎಮ್ಮೆಗಳ ಸದ್ದಿರಲಿಲ್ಲ. ಪರದೆಯ ತುಂಬ ಒಂದೇ ಒಂದು ಬೂದು ಚೌಕ ನಿಂತಿತ್ತು.