ಉಗಾದಿಯಂದು ತೆರೆದ ಸೀಸೆ

ಒಂದು ಹನಿಮದ್ದಿನ ಸೀಸೆ ಎಷ್ಟು ದಿನ ಬಾಳಬೇಕು ಎಂಬುದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ರಾಯದುರ್ಗದ ಕಣ್ಣಾಸ್ಪತ್ರೆಯ ಗ್ಲುಕೋಮಾ ಕೋಣೆಯಲ್ಲಿ ಕೂರುವ ನರ್ಸ್ ಕೃಷ್ಣವೇಣಿ ಹನ್ನೊಂದು ವರ್ಷ ಈ ಒಂದೇ ಪ್ರಶ್ನೆಯ ಮೇಲೆ ರಾಜ್ಯಭಾರ ನಡೆಸಿದ್ದಳು. ಎರಡು ಕಣ್ಣಿಗೆ ಎರಡು ಹೊತ್ತು ಹಾಕಿದರೆ ಹೆಬ್ಬೆರಳ ಗಾತ್ರದ ಆ ಸೀಸೆ ಒಂದು ತಿಂಗಳು ಬರುತ್ತದೆ. ಹೆಚ್ಚು ಬಂದರೆ ಅದು ಉಳಿತಾಯವಲ್ಲ. ಅದಕ್ಕೇ ಸೀಸೆ ಕೊಡುವಾಗಲೆಲ್ಲ ತೆರೆದ ತಾರೀಖನ್ನು ಅದರ ಮೇಲೆ ತಾನೇ ಬರೆಯುವಳು. ರೋಗಿಗಳು ಅದನ್ನು ಬೆಲೆ ಎಂದುಕೊಳ್ಳುತ್ತಿದ್ದರು.

ಅಂದು ಡಾಕ್ಟರು ಅವಳ ಬಳಿಗೆ ಕಳಿಸಿದ್ದು ಓಬುಲೇಶನನ್ನು. ಮಡಕಶಿರದ ಹತ್ತಿರ ಗುಡಿಬಂಡೆಯವನು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಹೊಲಿದು, ಈಗ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದ. ಕಣ್ಣು ಸರಿಯಿದೆ ಎಂದು ಆಸ್ಪತ್ರೆಯಿಂದ ಬರೆಸಿ ತಂದರೆ ಕಟಿಂಗ್ ಮಾಸ್ಟರ್ ಕೆಲಸ ನಿನಗೇ ಎಂದು ಮಾಲೀಕರು ಹೇಳಿದ್ದರು. ಆ ಚೀಟಿಗಾಗಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಡಾಕ್ಟರಿಗೆ ಬಗೆಹರಿಯದಿದ್ದದ್ದು ಇಷ್ಟು. ಎರಡು ವರ್ಷದಿಂದ ಯಾವಾಗ ಅಳೆದರೂ ಓಬುಲೇಶನ ಕಣ್ಣಿನ ಒತ್ತಡ ಹದಿನೈದು. ಇಪ್ಪತ್ತರೊಳಗಿದ್ದರೆ ಸರಿ, ಇದಂತೂ ಮುತ್ತಿನಂಥ ಅಂಕಿ. ಆದರೆ ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುವ ಪರೀಕ್ಷೆಯಲ್ಲಿ ನೋಟದ ಅಂಚು ಪ್ರತಿ ಸಲವೂ ಒಂದಿಷ್ಟು ತಿಂದುಹೋಗಿರುತ್ತಿತ್ತು.

ಕೃಷ್ಣವೇಣಿ ಸೀಸೆ ಕೇಳಿದಳು. ಹಿಂದಿನ ಎರಡು ಸಲವೂ ಅವನು ಅದನ್ನು ಮನೆಯಲ್ಲಿ ಮರೆತಿದ್ದ. ಈ ಸಲ ಹೆಂಡತಿ ಲಕ್ಷ್ಮಿದೇವಿ ಸೆರಗಿನ ಗಂಟಿನಲ್ಲಿ ತಂದಿದ್ದಳು. ಬಿಚ್ಚಿ ಮೇಜಿನ ಮೇಲಿಟ್ಟಳು. ಕೃಷ್ಣವೇಣಿ ಅಲ್ಲಾಡಿಸಿ ನೋಡಿದಳು. ಅರ್ಧಕ್ಕಿಂತ ಹೆಚ್ಚೇ ಇತ್ತು.

"ಉಗಾದಿ ದಿನ ತೆರೆದದ್ದು ಇದು. ದಸರಾ ಮುಗೀತು. ದಿನಾ ಹಾಕ್ತೀರೇನ್ರಿ?"

"ದಿನಾ ಯಾಕೆ ಸಿಸ್ಟರಮ್ಮ? ನೀವು ಬರಾಕೇಳಿದ್ ದಿವ್ಸ ಬೆಳಿಗ್ಗೆ ತಪ್ಪದಂಗೆ ಹಾಕ್ಕಂಡೇ ಬತ್ತೀನಿ."

ಅವನ ದನಿಯಲ್ಲಿ ಕಳ್ಳತನವಿರಲಿಲ್ಲ, ಶಿಸ್ತಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಬಟ್ಟೆ ಕೊಳ್ಳುವ ಫಾರಿನ್ನಿನ ಬಯರ್ ಚೆಕಿಂಗಿಗೆ ಬರುವ ದಿನ ನೆಲ ತೊಳೆಯುತ್ತಿದ್ದರು, ಎಲ್ಲರ ಮೂತಿಗೂ ಮಾಸ್ಕ್ ಬರುತ್ತಿತ್ತು, ಕುಡಿಯುವ ನೀರಿನ ಪಕ್ಕ ಹೊಸ ಲೋಟ ಬರುತ್ತಿತ್ತು. ಬಯರ್ ನೋಡಿ, ಓಕೆ ಬರೆದು ಹೋಗುವನು. ಮರುದಿನ ಮಾಸ್ಕು, ಲೋಟ ಎರಡೂ ಬೀರು ಸೇರುವವು. ಒಂಬತ್ತು ವರ್ಷದಲ್ಲಿ ಒಬ್ಬ ಬಯರೂ ತಪ್ಪು ಹಿಡಿದಿರಲಿಲ್ಲ. ಓಬುಲೇಶ ತನ್ನ ಕಣ್ಣುಗಳನ್ನೂ ಹಾಗೆಯೇ ಚೆಕಿಂಗಿಗೆ ತರುತ್ತಿದ್ದ. ಬೆಳಿಗ್ಗೆ ಹಾಕಿದ ಹನಿ ಆ ದಿನದ ಮಟ್ಟಿಗೆ ಒತ್ತಡ ಇಳಿಸುತ್ತಿತ್ತು. ಮಿಕ್ಕ ದಿನ ಡ್ರಾಪ್ಸ್ ಹಾಕಿದರೆ ಕಾಲು ಗಂಟೆ ಮಬ್ಬು, ಕೆಲಸ ಕೆಡುತ್ತದೆ. ಕಣ್ಣಿಗಂತೂ ಏನೂ ಆಗಿಲ್ಲ, ಸೂಜಿಗೆ ಈಗಲೂ ಒಂದೇ ಏಟಿಗೆ ದಾರ ಪೋಣಿಸುತ್ತೇನೆ ಎಂದ.

"ಸೂಜಿ ಕಾಣ್ತೈತೆ," ಎಂದಳು ಲಕ್ಷ್ಮಿದೇವಿ. "ಎಡಗಡೆ ನಾನು ಕುಂತಿದ್ರೆ ಗೊತ್ತಾಗಕಿಲ್ಲ. ಮದ್ವೆ ಆದಾಗಿಂದ ಹಿಂಗೇ ಅಲ್ವಾ ಅಂತ ಸುಮ್ನಿದ್ದೆ."

ಕೃಷ್ಣವೇಣಿ ಅವನ ಬಲಗಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಎಡಗಡೆಯಿಂದ ಪೆನ್ನು ತಂದಳು. ಪೆನ್ನು ಕಿವಿ ದಾಟಿತು, ಕೆನ್ನೆ ದಾಟಿತು. ಹೆಚ್ಚುಕಡಿಮೆ ಅವನ ಮುಖದ ಎದುರಿಗೇ ಬಂದ ಮೇಲೆ "ಈಗ ಕಾಣ್ತು" ಎಂದು ನಕ್ಕ. ಇನ್ನೊಂದು ಸಲ ಮಾಡಿ ಎಂದ. ಇನ್ನೊಂದು ಸಲವೂ ಪೆನ್ನು ಅಲ್ಲೇ ಹುಟ್ಟಿತು. ಈ ಸಲ ನಗಲಿಲ್ಲ.

"ಇದು ತಿರ್ಗಾ ಬತ್ತೈತಾ?"

"ಹೋದದ್ದು ಬರಂಗಿಲ್ರಿ. ದಿನಾ ಹಾಕಿದ್ರ ಉಳಿದದ್ದು ಉಳೀತದ."

ಆ ಮಾತನ್ನು ಅವಳು ಅಂದು ಹೇಳಿದ್ದು ಆರನೇ ಸಲ. ಮೊದಲ ವರ್ಷಗಳಲ್ಲಿ ಹೇಳಿ ಮುಗಿಸಿ ಎದುರಿಗಿದ್ದವರ ಕೈ ಮುಟ್ಟುತ್ತಿದ್ದಳು. ಈಗ ಹೇಳುತ್ತಲೇ ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು. ತನ್ನೊಳಗೆ ಏನಾದರೂ ಅಲ್ಲಾಡೀತೇ ಎಂದು ಕಾದಳು, ಅಲ್ಲಾಡಲಿಲ್ಲ. ಓಬುಲೇಶನ ಮುಖದಲ್ಲೂ ಏನೂ ಇರಲಿಲ್ಲ. ತೊಡೆಯ ಮೇಲೆ ಸಿಕ್ಕ ಒಂದು ನೀಲಿ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಚೀಟಿ ಸಿಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಕಟಿಂಗ್ ಮೇಜಿನಲ್ಲಿ ಓಡುವ ಬ್ಲೇಡಿನ ಮುಂದೆ ಎಡಗಡೆಯಿಂದ ಬಟ್ಟೆ ಹಿಡಿದವರ ಬೆರಳು ಬಂದರೆ ಅವನಿಗೆ ಕಾಣುವುದಿಲ್ಲ. ಹೊಸ ಸೀಸೆ ತೆರೆದು, ತಾರೀಖು ಬರೆದು, ಮುಂದಿನ ಭೇಟಿಯ ಜಾಗವನ್ನು ಖಾಲಿ ಬಿಟ್ಟಳು. ದಿನ ತಿಳಿಸುವುದಿಲ್ಲ, ಫೋನ್ ಮಾಡುತ್ತೇನೆ, ಮಾಡಿದ ಗಂಟೆಯೊಳಗೆ ಸೀಸೆ ಹಿಡಿದು ಬರಬೇಕು ಎಂದಳು.

ಓಬುಲೇಶನಿಗೆ ಇದು ಕೂಡಲೇ ಅರ್ಥವಾಯಿತು. ಹೇಳದೆ ಬರುವ ಚೆಕಿಂಗ್. ಕೇಳಿದ್ದನೇ ಹೊರತು ಕಂಡಿರಲಿಲ್ಲ. ಗೌರವದಿಂದ ತಲೆಯಾಡಿಸಿದ.

ಮುಂದಿನ ತಿಂಗಳು ಒಂದು ಮಂಗಳವಾರ ಫೋನ್ ಮಾಡಿದಳು. ಬಂದ. ಒತ್ತಡ ಹದಿನಾರು. ಸೀಸೆ ಬಹುತೇಕ ಖಾಲಿ. ಎಡಗಡೆಯ ನೋಟ ಬಂದಿರಲಿಲ್ಲ. ಕಟಿಂಗ್ ಮೇಜು ಅಂಜಿನಿ ಎಂಬವನಿಗೆ ಹೋಗಿತ್ತು.