ತಂಗಿಯ ಹೆಬ್ಬೆರಳಿನ ಕಪ್ಪು ಗೆರೆ

ಇಂದು ನಾವು ಚರ್ಚಿಸಬೇಕಾದ ಗಂಭೀರ ವಿಷಯ ಉಗುರು. ನಗುವವರು ಈಗಲೇ ನಕ್ಕು ಮುಗಿಸಿ.

ನಮ್ಮ ಬೀದಿಯ ಕ್ಷೌರಿಕನ ತಂಗಿ ಹೊಲಿಗೆ ಕೆಲಸದವಳು. ಅವಳ ಹೆಬ್ಬೆರಳಿನ ಉಗುರಿನಲ್ಲಿ ಉದ್ದಕ್ಕೆ ಒಂದು ಕಪ್ಪು ಗೆರೆ ಮೂಡಿತು. ಸೂಜಿ ಚುಚ್ಚಿರಬೇಕು ಎಂದ ಅಣ್ಣ. ಗೆರೆ ಅಗಲವಾಯಿತು. ಬಣ್ಣ ಹಚ್ಚಿಕೋ ಎಂದ. ಕಪ್ಪು ಉಗುರು ದಾಟಿ ಚರ್ಮಕ್ಕೂ ಇಳಿದ ಮೇಲೆ ಮಾತು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದ. ವೈದ್ಯರು ಉಗುರಿನ ಬುಡದಿಂದ, ಕೆಳಗಿನ ಚರ್ಮವೂ ಸೇರಿದಂತೆ, ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು.

ದಿನಗಳು ಕಳೆದರೂ ವರದಿ ಬರಲಿಲ್ಲ. ಕ್ಷೌರಿಕ ತಂಗಿಯನ್ನು ಕರೆದುಕೊಂಡು ಹೋಗಿ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತ.

“ರಕ್ತ ಕೊಟ್ರೆ ಸಂಜೆಗೇ ಹೇಳ್ತೀರಲ್ಲಮ್ಮ. ಒಂದು ಉಗುರು ಕತ್ತರಿಸೋಕೆ ಇಷ್ಟು ದಿನವಾ? ಇಡೀ ಬೀದಿದು ನಾನು ಕೂತಲ್ಲೇ ಕತ್ತರಿಸ್ತೀನಿ. ಆಗಲ್ಲ ಅಂದ್ರೆ ತುಣುಕು ವಾಪಸ್ ಕೊಡಿ, ಬೇರೆ ಕಡೆ ಬೇಗ ಮಾಡ್ತಾರಂತೆ.”

ಕಿಟಕಿಯೊಳಗಿದ್ದ ಟೆಕ್ನಿಷಿಯನ್ ಬೇಸರಪಡಲಿಲ್ಲ. “ನೀವು ಕತ್ತರಿಸಿದ ಉಗುರು ಎಲ್ಲಿಗೆ ಹೋಗುತ್ತೆ ಅಣ್ಣ?”

“ಎಲ್ಲಿಗೋ ಹಾರುತ್ತೆ. ಒಂದ್ಸಲ ಗಿರಾಕಿಯ ಟೀ ಲೋಟಕ್ಕೇ ಬಿತ್ತು.”

“ಇಲ್ಲಿ ಹಾರಿದ್ರೆ ನಿಮ್ಮ ತಂಗಿ ಬೆರಳನ್ನ ಮತ್ತೆ ಕೊಯ್ಯಬೇಕು. ಸೂಕ್ಷ್ಮದರ್ಶಕದಲ್ಲಿ ನೋಡೋಕೆ, ಬೆಳಕು ತೂರೋ ಅಷ್ಟು ತೆಳ್ಳಗೆ ಆ ತುಣುಕನ್ನ ಸೀಳಬೇಕು. ಉಗುರು ಗಟ್ಟಿ, ಚರ್ಮ ಮೆತ್ತಗೆ. ಹಾಗೇ ಬ್ಲೇಡ್ ಇಟ್ರೆ ಉಗುರು ಸಿಡಿದು ಚರ್ಮನೂ ಹರಿದುಹಾಕುತ್ತೆ. ಅದಕ್ಕೇ ಮೊದಲು ದ್ರಾವಣದಲ್ಲಿ ನೆನೆಸ್ತೀವಿ. ಜಾಸ್ತಿ ನೆಂದ್ರೆ ಚರ್ಮ ಕೆಡುತ್ತೆ, ನೋಡ್ತಾ ಇರಬೇಕು. ಆಮೇಲೆ ಮೇಣದಲ್ಲಿ ಕೂರಿಸಿ ಸೀಳಿ, ಅಂಟು ಸವರಿದ ಗಾಜಿಗೆ ಹಿಡಿಸ್ತೀವಿ. ಇಲ್ಲಾಂದ್ರೆ ಸುರುಳಿ ಸುತ್ಕೊಂಡು ಎದ್ದುಬಿಡುತ್ತೆ.”

“ಒಣ ಗಡ್ಡಕ್ಕೆ ಕತ್ತಿ ಇಡಬಾರದು ಅಂತೀರಿ.”

“ನೀವು ಇಡ್ತೀರಾ?”

“ಜಾಸ್ತಿ ಮಾತಾಡೋರಿಗೆ ಮಾತ್ರ.”

ಹಿಂದಿನ ಬೆಂಚಿನಿಂದ ತಂಗಿ ಹೇಳಿದಳು: “ಹಾಗಾದ್ರೆ ನೀನು ಸುಮ್ಮನೆ ಬಂದು ಕೂತ್ಕೋ ಅಣ್ಣ. ಮತ್ತೊಂದ್ಸಲ ಬೆರಳು ಕೊಡೋ ಧೈರ್ಯ ನನಗಿಲ್ಲ.”

ಅವನು ಬಂದು ಪಕ್ಕದಲ್ಲಿ ಕುಳಿತ. ತುಣುಕು ವಾಪಸ್ ಕೊಡಿ ಎಂದು ಮತ್ತೆ ಕೇಳಲಿಲ್ಲ.

ಓದುಗರೇ, ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿದರೆ, ಅದು ಅಗಲವಾಗುತ್ತಿದ್ದರೆ, ಬಣ್ಣ ಹಚ್ಚಿ ಮುಚ್ಚಬೇಡಿ, ಮನೆಯಲ್ಲೇ ಕೆರೆಯಬೇಡಿ. ವೈದ್ಯರಿಗೆ ಬೇಗ ತೋರಿಸಿ. ಎಲ್ಲ ಗೆರೆಯೂ ಕ್ಯಾನ್ಸರ್ ಅಲ್ಲ. ಯಾವುದು ಹೌದು ಎನ್ನುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕೇ ಹೊರತು ಮನೆಯ ಜಗುಲಿಯಲ್ಲಿ ಕೂತು ಅಲ್ಲ. ತೋರಿಸುವುದಕ್ಕೆ ತಡಮಾಡಬೇಡಿ, ಪರೀಕ್ಷೆಗೆ ಬೇಕಾದಷ್ಟು ದಿನ ಕೊಡಿ.

ಕೊನೆಗೆ ವರದಿ ಬಂತು. ತಂಗಿಯದು ಕ್ಯಾನ್ಸರ್ ಆಗಿತ್ತು. ಹೆಬ್ಬೆರಳಿನ ತುದಿಯನ್ನು ತೆಗೆದರು. ರೋಗ ಬೇರೆಡೆಗೆ ಹರಡಿರಲಿಲ್ಲ.